ಒಬ್ಬರಿಗಾಗಿ ಹಡಗು ತಿರುಗಿತು, ನಮಗೇಕೆ ಸಿಟ್ಟು ಬಂತು?

ಉತ್ತರಿಸುವವರು: ಪ್ರವಾಸಿ ಹಡಗುಗಳ ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವರು

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಸಿಯಾಟಲ್‌ನಲ್ಲಿರುವ ಮಗ ನಮ್ಮಿಬ್ಬರನ್ನೂ ಏಳು ದಿನದ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗಿದ್ದ. ಜುನೋ ನೋಡಿಕೊಂಡು ಸ್ಕಾಗ್ವೇಗೆ ಹೊರಟ ರಾತ್ರಿ ಯಾರೋ ಪ್ರಯಾಣಿಕರಿಗೆ ಹೃದಯಾಘಾತವಾಯಿತಂತೆ. ಬೆಳಗ್ಗೆ ಎದ್ದು ನೋಡಿದರೆ ಹಡಗು ಮತ್ತೆ ಜುನೋದಲ್ಲೇ ನಿಂತಿದೆ! ಸ್ಕಾಗ್ವೇ ರದ್ದು. ಅಲ್ಲಿಂದ ಬೆಟ್ಟ ಹತ್ತುವ, ಒಂದು ವರ್ಷದಿಂದ ಕಾಯುತ್ತಿದ್ದ ವೈಟ್ ಪಾಸ್ ರೈಲೂ ರದ್ದು. ತಿಂಡಿ ಟೇಬಲ್ಲಿನಲ್ಲಿ ಒಬ್ಬರು ‘ಒಬ್ಬರಿಗಾಗಿ ಮೂರು ಸಾವಿರ ಜನರ ಟ್ರಿಪ್ ಹಾಳು ಮಾಡಬೇಕಿತ್ತಾ?’ ಅಂದರು. ನಮ್ಮ ಯಜಮಾನರು ತಲೆಯಾಡಿಸಿದರು. ನಾನು ಬಾಯಿ ಬಿಡಲಿಲ್ಲ, ಒಳಗೆ ಮಾತ್ರ ನನಗೂ ಹಾಗೇ ಅನಿಸಿತು. ಆಮೇಲೆ ಆದ ನಾಚಿಕೆ ಇನ್ನೂ ಹೋಗಿಲ್ಲ. ನಾವು ಅಷ್ಟು ಕಲ್ಲು ಮನಸ್ಸಿನವರಾ? ರೋಗಿಯನ್ನು ಸ್ಕಾಗ್ವೇಯಲ್ಲೇ ಇಳಿಸಬಹುದಿತ್ತಲ್ಲವೇ? ಕಂಪನಿ ವಾಪಸ್ ಕೊಟ್ಟಿದ್ದು ತಲೆಗೆ ಇಪ್ಪತ್ತು ಚಿಲ್ಲರೆ ಡಾಲರ್. ಇದು ನ್ಯಾಯವೇ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಸ್ಕಾಗ್ವೇ ವಿಷಯ ಮುಗಿಸಿಬಿಡೋಣ. ಬೇಸಿಗೆಯಲ್ಲಿ ಹಡಗಿನ ಜನರಿಂದ ಜಾತ್ರೆಯಂತಾಗುವ ಆ ಊರಿನಲ್ಲಿ ವರ್ಷಪೂರ್ತಿ ಇರುವವರು ಸಾವಿರ ಚಿಲ್ಲರೆ ಮಂದಿ. ಅಲ್ಲಿರುವುದು ಒಂದು ಕ್ಲಿನಿಕ್, ಆಸ್ಪತ್ರೆಯಲ್ಲ. ಆಸ್ಪತ್ರೆ ಇರುವುದು ಜುನೋದಲ್ಲಿ. ಹೃದಯದ ಗಂಭೀರ ಕೇಸುಗಳನ್ನು ಜುನೋದಿಂದಲೂ ವಿಮಾನದಲ್ಲಿ ಸಿಯಾಟಲ್‌ಗೋ ಆಂಕರೇಜ್‌ಗೋ ಸಾಗಿಸುತ್ತಾರೆ. ಹಡಗಿನ ಆಸ್ಪತ್ರೆಯಲ್ಲಿ ವೆಂಟಿಲೇಟರ್, ಎಕ್ಸ್‌ರೇ, ರಕ್ತಪರೀಕ್ಷೆಯ ಸಲಕರಣೆ ಇರುತ್ತವೆ, ಆದರೆ ಆಂಜಿಯೋಪ್ಲಾಸ್ಟಿ ಮಾಡಲಾಗುವುದಿಲ್ಲ. ಹಾಗಾಗಿ ನಿಮ್ಮ ಕ್ಯಾಪ್ಟನ್ನರ ಮುಂದೆ ಎರಡು ದಾರಿ ಇರಲಿಲ್ಲ. ಹೋಗಲಿ, ಆಮೇಲೆ ತಡವಾಗಿಯಾದರೂ ನಮ್ಮನ್ನು ಸ್ಕಾಗ್ವೇಗೆ ಒಯ್ಯಬಹುದಿತ್ತಲ್ಲ ಎಂದರೆ, ಬಂದರಿನಲ್ಲಿ ಹಡಗು ಕಟ್ಟುವ ಜಾಗ ಗಂಟೆ ಲೆಕ್ಕದಲ್ಲಿ ಹಂಚಿಕೆಯಾಗಿರುತ್ತದೆ. ಏಳೆಂಟು ಗಂಟೆ ಕಳೆದುಕೊಂಡ ಹಡಗು ಆ ಊರನ್ನೇ ಬಿಟ್ಟು ಮುಂದಿನ ಊರಿನ ಸಮಯ ಹಿಡಿಯುತ್ತದೆ.

‘ತಿರುಗಿಸಬೇಡಿ’ ಎಂದು ಹೇಳುವ ಹಕ್ಕು ಕಂಪನಿಗೂ ಇಲ್ಲ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹುಟ್ಟಿ, ಈಗ 1974ರ ರೂಪದಲ್ಲಿ ಜಾರಿಯಲ್ಲಿರುವ ಸೋಲಾಸ್ ಎಂಬ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಜೀವರಕ್ಷಣೆಗೆ ಅಗತ್ಯ ಎಂದು ಕ್ಯಾಪ್ಟನ್ ತೀರ್ಮಾನಿಸಿದ್ದನ್ನು ಹಡಗಿನ ಮಾಲೀಕರು ತಡೆಯುವಂತಿಲ್ಲ. ಮೂರು ಸಾವಿರ ಜನ ಕೈಯೆತ್ತಿ ಓಟು ಹಾಕಿದರೂ ಅಷ್ಟೇ.

ಇನ್ನು ನಿಮ್ಮ ನಾಚಿಕೆ. ಅಂಥ ಬೆಳಗಿನ ಹೊತ್ತು ನಾನು ಕೌಂಟರಿನ ಈಚೆ ಬದಿ ನಿಂತಿರುತ್ತಿದ್ದೆ. ಏಳು ಗಂಟೆಗೆಲ್ಲ ಸಾಲು ಶುರು. ರೋಗಿ ಹೇಗಿದ್ದಾರೆ ಎಂದು ಕೇಳುವವರು ಹತ್ತರಲ್ಲಿ ಒಬ್ಬರೋ ಇಬ್ಬರೋ. ಮಿಕ್ಕವರದ್ದು ಟೂರ್ ದುಡ್ಡು, ವಿಮಾನ, ಊಟದ ಸಮಯ. ಹೊಸತರಲ್ಲಿ ಇದನ್ನು ಕಂಡು ನನಗೆ ಅಸಹ್ಯವಾಗುತ್ತಿತ್ತು. ನಾಲ್ಕೈದು ವರ್ಷ ಕಳೆದ ಮೇಲೆ ಹಾಗನಿಸುವುದು ನಿಂತಿತು. ಬಸ್ಸಾದರೆ ಇಳಿದು ಬೇರೆ ಬಸ್ ಹತ್ತಬಹುದು. ಹಡಗಿನಲ್ಲಿ ಇಳಿಯಲು ಜಾಗವಿಲ್ಲ, ಮಾಡಲು ಕೆಲಸವೂ ಇಲ್ಲ. ರಾತ್ರಿ ಮೂರು ಗಂಟೆಗೆ ‘ಆಲ್ಫಾ, ಆಲ್ಫಾ, ಆಲ್ಫಾ’ ಎಂಬ ಘೋಷಣೆ ಅರೆನಿದ್ದೆಯಲ್ಲಿ ಕೇಳಿರುತ್ತದೆ, ಅದು ವೈದ್ಯಕೀಯ ತುರ್ತಿನ ಸಂಕೇತವೆಂದು ಗೊತ್ತಿರುವುದಿಲ್ಲ. ಆಮೇಲೆ ಲಿಫ್ಟಿನಲ್ಲಿ ಗಾಳಿಸುದ್ದಿ: ಯಾರೋ ಕುಡಿದು ಬಿದ್ದರಂತೆ, ಯಾರೋ ಹಾರಿದರಂತೆ. ರೋಗಿಯ ವಿವರ ನಾವು ಹೇಳುವಂತಿಲ್ಲ. ಮುಖವಿಲ್ಲದ ರೋಗಿಯ ಮೇಲೆ ಮರುಕ ಹುಟ್ಟುವುದು ಕಷ್ಟ. ರೈಲಿನ ಟಿಕೆಟ್ಟಾದರೋ ಕೈಯಲ್ಲೇ ಇರುತ್ತದೆ.

ಒಬ್ಬರ ನೆನಪು ಬರುತ್ತದೆ. ಅರವತ್ತರ ಆಸುಪಾಸಿನವರು, ರದ್ದಾದ ಟೂರಿನ ಚೀಟಿಯನ್ನು ಕೌಂಟರಿನ ಮೇಲಿಟ್ಟು ಅಂಗೈಯಲ್ಲಿ ತಟ್ಟಿ ತಟ್ಟಿ ಮಾತಾಡಿದರು. ನನ್ನ ಹೆಸರಿನ ಬ್ಯಾಡ್ಜ್ ಓದಿ ದೂರು ಬರೆದುಕೊಂಡರು. ಮಧ್ಯಾಹ್ನ ರಕ್ತ ಬೇಕೆಂದು ಘೋಷಣೆಯಾಯಿತು. ಹಡಗಿನಲ್ಲಿ ಬ್ಲಡ್ ಬ್ಯಾಂಕ್ ಇರುವುದು ಅಪರೂಪ, ರಕ್ತಸ್ರಾವದ ರೋಗಿ ಬಂದರೆ ಪ್ರಯಾಣಿಕರನ್ನೂ ಸಿಬ್ಬಂದಿಯನ್ನೂ ಕೇಳುವುದೇ ರೂಢಿ. ಕೆಳಗಿನ ಡೆಕ್ಕಿಗೆ ಫಾರ್ಮ್ ಒಯ್ದರೆ ಸಾಲಿನಲ್ಲಿ ಮೂರನೆಯವರಾಗಿ ಇದೇ ಮನುಷ್ಯ, ಅಂಗಿ ತೋಳು ಮೊಣಕೈ ಮೇಲಕ್ಕೆ ಮಡಚಿಕೊಂಡು ಕೂತಿದ್ದರು. ನನ್ನನ್ನು ನೋಡಿ ಮುಖ ಬೇರೆಡೆ ತಿರುಗಿಸಿದರು. ಅಂದಹಾಗೆ, ದೂರು ಹಿಂಪಡೆಯಲಿಲ್ಲ!

ಬೆಳಗಿನ ಮನುಷ್ಯನೂ ಮಧ್ಯಾಹ್ನದ ಮನುಷ್ಯನೂ ಒಬ್ಬರೇ. ನಡುವೆ ಆದದ್ದೇನು ಎಂದರೆ, ಅವರಿಗೆ ಏನು ನಡೆದಿದೆ ಎಂದು ತಿಳಿಯಿತು, ಮಾಡಲು ಒಂದು ಕೆಲಸ ಸಿಕ್ಕಿತು. ಇದಕ್ಕೆ ತದ್ವಿರುದ್ಧವಾದದ್ದನ್ನೂ ಕಂಡಿದ್ದೇನೆ, ಅದರಲ್ಲಿ ನನ್ನ ತಪ್ಪೂ ಇದೆ. ಒಮ್ಮೆ ಮೇಲಿನಿಂದ ಬಂದ ಸೂಚನೆಯಂತೆ ದಿನವಿಡೀ ‘ತಾಂತ್ರಿಕ ಕಾರಣ’ ಎಂದೇ ಹೇಳಿದೆ. ರಾತ್ರಿ ಹತ್ತಕ್ಕೆ ಕೌಂಟರಿನ ಮುಂದೆ ಇನ್ನೂರು ಜನ. ಆವತ್ತು ಅವರು ಕೂಗಾಡಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ.

ಇದು ಇಂದಿನ ಪ್ರವಾಸಿಗರ ಸ್ವಾರ್ಥ ಎನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್‌ನಿಂದ ಏಳುನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡ ಕಾರ್ಪೇಥಿಯಾ, ನ್ಯೂಯಾರ್ಕಿನಿಂದ ಮೆಡಿಟರೇನಿಯನ್ ಕಡೆ ಹೊರಟಿದ್ದ ಹಡಗು. ಅದರಲ್ಲೂ ರಜೆಗೆ ಹೊರಟವರಿದ್ದರು. ಹೊರಟು ಮೂರು ದಿನ ಕಳೆದ ಮೇಲೆ ನಡುರಾತ್ರಿ ಹಡಗು ದಿಕ್ಕು ಬದಲಿಸಿತು, ಆಮೇಲೆ ಹೊರಟಲ್ಲಿಗೇ ಮರಳಿತು. ಅವರಲ್ಲಿ ಅನೇಕರು ಕ್ಯಾಬಿನ್, ಬಟ್ಟೆಬರೆ ಬಿಟ್ಟುಕೊಟ್ಟರು. ಅವರ ಮುಂದೆ ಚಳಿಯಲ್ಲಿ ನಡುಗುವ ಮನುಷ್ಯರು ಕಣ್ಣಾರೆ ಕಾಣುತ್ತಿದ್ದರು. ನಿಮ್ಮ ಎದುರಿಗಿದ್ದದ್ದು ತಿಂಡಿ ತಟ್ಟೆ ಮಾತ್ರ.

2012ರ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ನಡೆದದ್ದು ಇದರ ಉಲ್ಟಾ. ಸ್ಟಾರ್ ಪ್ರಿನ್ಸೆಸ್ ಹಡಗಿನಲ್ಲಿ ಹಕ್ಕಿ ನೋಡುತ್ತಿದ್ದ ಕೆಲವರಿಗೆ ದುರ್ಬೀನಿನಲ್ಲಿ ಒಂದು ಸಣ್ಣ ದೋಣಿ ಕಂಡಿತು, ಅದರಲ್ಲೊಬ್ಬ ಬಟ್ಟೆ ಬೀಸುತ್ತಿದ್ದ. ಅವರು ಸಿಬ್ಬಂದಿಗೆ ತಿಳಿಸಿದರು. ಹಡಗು ನಿಲ್ಲಲಿಲ್ಲ. ಮಾತು ಕ್ಯಾಪ್ಟನ್‌ವರೆಗೆ ತಲುಪಲಿಲ್ಲ ಎಂದಿತು ಕಂಪನಿ. ಆ ದೋಣಿಯಲ್ಲಿದ್ದರೆಂದು ಹೇಳಲಾದ ಮೂವರು ಪನಾಮಾ ಬೆಸ್ತರಲ್ಲಿ ಇಬ್ಬರು ಸತ್ತರು. ಆ ಪ್ರಯಾಣಿಕರಿಗೆ ಒಂದು ಬಂದರೂ ತಪ್ಪಲಿಲ್ಲ, ಆದರೆ ಆ ಪ್ರವಾಸದ ನೆನಪು ಅವರಿಗೆ ಹೇಗಿದ್ದೀತು? ನಿಮ್ಮ ನಾಚಿಕೆಯನ್ನು ಅದರ ಪಕ್ಕ ಇಟ್ಟು ನೋಡಿ. ನಿಮ್ಮದು ನಿರಾಸೆ, ಅದೂ ಬಾಯಿಂದ ಹೊರಗೆ ಬರದ ನಿರಾಸೆ. ರೋಗಿಯ ಮನೆಯವರ ಕಿವಿಗೆ ಬೀಳುವ ಹಾಗೆ ಗೊಣಗುವುದು ಬೇರೆ ಮಾತು. ಒಮ್ಮೆ ಒಬ್ಬ ಹೆಂಗಸು ಗಂಡನನ್ನು ಸ್ಟ್ರೆಚರಿನಲ್ಲಿ ಇಳಿಸುವಾಗ ಸುತ್ತ ನಿಂತವರಿಗೆಲ್ಲ ‘ಸಾರಿ, ಸಾರಿ’ ಎನ್ನುತ್ತಾ ಹೋದರು. ಆ ಮಾತು ಅವರ ಬಾಯಿಂದ ಬಂದದ್ದು ನಮ್ಮೆಲ್ಲರ ಮುಖ ನೋಡಿ. ಯಜಮಾನರಿಗೆ ಬೇಕಾದರೆ ಇಷ್ಟು ಓದಿ ಹೇಳಿ.

ಹಣದ ಮಾತು. ನಿಮಗೆ ಬಂದದ್ದು ಬಹುಶಃ ಸ್ಕಾಗ್ವೇ ಬಂದರಿನ ಶುಲ್ಕ ಮತ್ತು ತೆರಿಗೆ. ಬಂದರುಗಳನ್ನು ಬದಲಿಸುವ, ಬಿಡುವ ಅಧಿಕಾರವನ್ನು ಕಂಪನಿಗಳು ಟಿಕೆಟ್ಟಿನ ಕರಾರಿನಲ್ಲೇ ಬರೆದಿಟ್ಟುಕೊಂಡಿರುತ್ತವೆ. ಆ ಕರಾರನ್ನು ನಾವ್ಯಾರೂ ಓದುವುದಿಲ್ಲ. 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗು ಎಂಜಿನ್ ಕೋಣೆಗೆ ಬೆಂಕಿ ಬಿದ್ದು ಮೆಕ್ಸಿಕೋ ಕೊಲ್ಲಿಯಲ್ಲಿ ತೇಲಿತು. ಶೌಚಾಲಯ ಕೆಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಜನ ದಿನಗಟ್ಟಲೆ ನರಳಿದರು. ಅದೇ ವರ್ಷ ಹಡಗು ಕಂಪನಿಗಳ ಸಂಘ ಪ್ರಯಾಣಿಕರ ಹಕ್ಕುಗಳ ಪಟ್ಟಿಯೊಂದನ್ನು ಹೊರಡಿಸಿತು. ಅದರಲ್ಲಿರುವ ರೀಫಂಡ್ ಭರವಸೆ ಯಂತ್ರ ಕೆಟ್ಟು ಪ್ರವಾಸ ರದ್ದಾದರೆ ಅಥವಾ ಅರ್ಧಕ್ಕೆ ನಿಂತರೆ ಮಾತ್ರ, ರೋಗಿಗಾಗಿ ದಾರಿ ಬದಲಾದರೆ ಅಲ್ಲ. ರೈಲಿನ ಟಿಕೆಟ್ಟನ್ನು ಹಡಗಿನ ಮೂಲಕ ಕೊಂಡಿದ್ದರೆ ಆ ಹಣ ಪೂರ್ತಿ ಬರಬೇಕು, ಮಗನ ಕಾರ್ಡಿನ ಲೆಕ್ಕ ನೋಡಿ. ಹೊರಗೆ ಕೊಂಡಿದ್ದರೆ ಆ ಏಜೆನ್ಸಿಯ ನಿಯಮದಂತೆ.

ಪ್ರಶ್ನೆ: ಮುಂದಿನ ವರ್ಷ ನಾವೂ ಅದೇ ಅಲಾಸ್ಕಾ ಕ್ರೂಸ್‌ಗೆ ಹೋಗುವವರಿದ್ದೇವೆ. ಹೀಗೇನಾದರೂ ಆದರೆ ಅಂತ ಏನು ತಯಾರಿ ಬೇಕು?
– ಓದುಗರು, ಮಂಗಳೂರು

ಉತ್ತರ: ಸಿಯಾಟಲ್‌ನಿಂದ ಹೊರಡುವ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲೂ ನಿಲ್ಲುತ್ತದೆ. ಭಾರತದ ಪಾಸ್‌ಪೋರ್ಟ್‌ನವರಿಗೆ ಕೆನಡಾ ವೀಸಾ ಬೇಕು, ಜೊತೆಗೆ ಅಮೆರಿಕದ್ದು ಒಂದೇ ಪ್ರವೇಶದ ವೀಸಾ ಆಗಿದ್ದರೆ ವಾಪಸ್ ಬರುವಾಗ ಪೇಚಾಟವಾಗಬಹುದು. ಇನ್ಶೂರೆನ್ಸ್ ಕೊಳ್ಳುವಾಗ ತಪ್ಪಿದ ಬಂದರಿಗೆ ಪರಿಹಾರವಿದೆಯಾ ಎಂದು ಕೇಳಿ. ಅದಕ್ಕಿಂತ ಮೊದಲು, ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯಾ, ಬಿಪಿ–ಶುಗರ್ ಮೊದಲೇ ಇದ್ದರೆ ಅದಕ್ಕೂ ಅನ್ವಯಿಸುತ್ತದೆಯಾ ಎಂದು ಕೇಳಿ, ಏಕೆಂದರೆ ಹಡಗು ತಿರುಗುವುದು ನಿಮಗಾಗಿಯೇ ಇರಬಹುದು. ಕೊನೆಯ ದಿನ ಇಳಿದ ಎರಡೇ ಗಂಟೆಗೆ ವಿಮಾನ ಬುಕ್ ಮಾಡಬೇಡಿ. ಮಾತ್ರೆಗಳನ್ನು ನಾಲ್ಕು ದಿನದಷ್ಟು ಹೆಚ್ಚಿಗೆ ಒಯ್ಯಿರಿ, ಅವು ದೊಡ್ಡ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ.