ಮುಂಬೈಗೆ ಕಾಲೇಜು ಬದಲಿಸುವ ಮೊದಲು

ಹುಬ್ಬಳ್ಳಿಯಲ್ಲಿ ಬಿ.ಕಾಂ. ಮೊದಲ ವರ್ಷ ಮುಗಿಸಿದ್ದೀರಿ, ಫೈನಾನ್ಸ್‌ನಲ್ಲಿ ಕೆಲಸ ಬೇಕು, ಎರಡನೇ ವರ್ಷಕ್ಕೆ ಮುಂಬೈಯ ಯಾವ ಕಾಲೇಜು ಅಂತ ಕೇಳಿದ್ದೀರಿ. ಚರ್ಚ್‌ಗೇಟ್‌ನ ಎಚ್.ಆರ್., ಜೈ ಹಿಂದ್, ವಿಲೇಪಾರ್ಲೆಯ ನರ್ಸೀ ಮೊಂಜಿ, ಈ ಹೆಸರುಗಳನ್ನು ಎಲ್ಲರೂ ಹೇಳ್ತಾರೆ. ತಪ್ಪೇನಿಲ್ಲ. ಆದರೆ ಎರಡನೇ ವರ್ಷಕ್ಕೆ ಸಾಮಾನ್ಯವಾಗಿ ಸೀಟು ಖಾಲಿ ಇದ್ದರೆ ಮಾತ್ರ ತಗೋತಾರೆ. ನಿಮ್ಮ ಯಾವ ಪೇಪರ್‌ಗಳನ್ನು ಒಪ್ಪುತ್ತಾರೆ ಅಂತ ಬರೆದು ಕೊಡಲು ಹೇಳಿ. ನಾನು ಕೌಂಟರಿನವರ ಬಾಯಿಮಾತು ನಂಬಿ ಬಂದವನು. ಎರಡು ಪೇಪರ್ ಮತ್ತೆ ಬರೆದೆ! ಬೇರೆ ವಿಶ್ವವಿದ್ಯಾಲಯಕ್ಕೆ ಸೇರಲು ಬೇಕಾಗುವ ಮೈಗ್ರೇಷನ್ ಸರ್ಟಿಫಿಕೇಟಿಗೂ ಈಗಲೇ ಅರ್ಜಿ ಹಾಕಿ.

ಡೊಂಬಿವಲಿಯಲ್ಲಿ ಚಿಕ್ಕಮ್ಮನ ಮನೆ ಅಂದಿರಲ್ವಾ? ಹಾಗಾದರೆ ವಿಲೇಪಾರ್ಲೆಗೆ ದಾದರ್‌ನಲ್ಲಿ ಇಳಿದು ಲೈನ್ ಬದಲಿಸಬೇಕು. ಬೆಳಗ್ಗೆ ಆ ಸ್ಟೇಷನ್ನಿನ ಸೇತುವೆಯ ಮೇಲೆ ನಾವು ನಡೆಯೋದಿಲ್ಲ, ಜನವೇ ನಮ್ಮನ್ನು ತಳ್ಳಿಕೊಂಡು ಹೋಗ್ತಾರೆ. ಬ್ಯಾಗು ಎದೆಗೆ ಹಾಕ್ಕೊಳ್ಳಿ. ದಕ್ಷಿಣ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ಕಡೆಯ ಕಾಲೇಜು ಆದರೆ ಒಂದೇ ರೈಲು, ಷೇರುಪೇಟೆ ಇರುವ ದಲಾಲ್ ಸ್ಟ್ರೀಟಿಗೆ ಅಲ್ಲಿಂದ ನಡೆದೇ ಹೋಗಬಹುದು. ಬೆಳಗಿನ ತರಗತಿ ಇರುವ ಕಾಲೇಜು ಸಿಕ್ಕರೆ ಮಧ್ಯಾಹ್ನ ಷೇರು ಬ್ರೋಕರ್ ಆಫೀಸಲ್ಲಿ ಇಂಟರ್ನ್‌ಶಿಪ್ ಮಾಡಬಹುದು. ನನ್ನ ಲೆಕ್ಕದಲ್ಲಿ ಕಾಲೇಜಿನ ಹೆಸರಿಗಿಂತ ಅದೇ ಜಾಸ್ತಿ. ಜೊತೆಗೆ ಷೇರುಪೇಟೆಯ ಕೆಲಸಕ್ಕೆ ಪರೀಕ್ಷೆ ನಡೆಸುವ ಎನ್‌ಐಎಸ್‌ಎಂ ಸಂಸ್ಥೆಯ ಒಂದು ಪರೀಕ್ಷೆ ಬರೆಯಿರಿ, ಎಕ್ಸೆಲ್ ಕಲಿಯಿರಿ.