ಬೆಲೀಜ್: ಅಪ್ಪ-ಅಮ್ಮನ ಜೊತೆ ನಾಲ್ಕು ದಿನ

ನಮಸ್ಕಾರ. ಎಪ್ಪತ್ತರ ಆಸುಪಾಸಿನ ಅಪ್ಪ-ಅಮ್ಮನ ಜೊತೆ ನಾಲ್ಕು ದಿನಕ್ಕೆ ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜಿಗೆ ಹೋಗ್ತಿದ್ದೀರಿ, ಸಮುದ್ರದ ನಡುವಿನ ದುಂಡು ಗುಂಡಿ ಬ್ಲೂ ಹೋಲ್ ಒಳ್ಳೆಯದೋ ಪ್ರಾಚೀನ ಮಾಯಾ ಜನರ ಗುಹೆಯೋ ಅಂತ ಕೇಳಿದ್ದೀರಿ. ಹಿರಿಯರ ಮಟ್ಟಿಗೆ ನಾನು ಎರಡನ್ನೂ ಬಿಟ್ಟು ಶುನಾನ್‌ತುನಿಚ್ ಎಂಬ ಹಳೆಯ ಮಾಯಾ ನಗರದ ಅವಶೇಷ ನೋಡಿ ಅನ್ನುತ್ತೇನೆ.

ನೀವು ಹೇಳಿದ ಆಕ್ತುನ್ ತುನಿಚಿಲ್ ಮುಕ್ನಾಲ್ ಗುಹೆಗೆ ಬಾಗಿಲಲ್ಲೇ ಈಜಿಕೊಂಡು ಒಳಹೋಗಬೇಕು, ಆಮೇಲೆ ನೀರಲ್ಲೇ ನಡೆದು ಬಂಡೆ ಹತ್ತಬೇಕು. ಮಂಡಿನೋವಿದ್ದವರಿಗೆ ಖಂಡಿತ ಬೇಡ. ಆದರೆ ನೀವೊಬ್ಬರೇ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಸಾವಿರ ವರ್ಷಕ್ಕೂ ಹಳೆಯ ಅಸ್ಥಿಪಂಜರದ ಮೇಲೆ ಸುಣ್ಣದ ಹರಳು ಕಟ್ಟಿ, ಲೈಟ್ ಬಿಟ್ಟರೆ ಮಿನುಗುತ್ತದೆ. ಮಡಕೆಗಳು ಇಟ್ಟಲ್ಲೇ ಇವೆ, ಹಾಗಾಗಿ ಶೂ ಬಿಚ್ಚಿ ಸಾಕ್ಸ್‌ನಲ್ಲಿ ನಡೆಯಬೇಕು. ಪ್ರವಾಸಿಯೊಬ್ಬರ ಕ್ಯಾಮೆರಾ ಬಿದ್ದು ತಲೆಬುರುಡೆ ಒಡೆದಿದ್ದರಿಂದ 2012ರಿಂದ ಕ್ಯಾಮೆರಾ ಒಯ್ಯುವಂತಿಲ್ಲ. ಒಳ್ಳೆಯದೇ ಆಯಿತು.

ಶುನಾನ್‌ತುನಿಚ್ ಸಾನ್ ಇಗ್ನಾಸಿಯೊ ಪಟ್ಟಣಕ್ಕೆ ಹತ್ತಿರ. ಸುಮಾರು 40 ಮೀಟರ್ ಎತ್ತರದ ಎಲ್ ಕಾಸ್ತಿಯೋ ಪಿರಮಿಡ್ ಹತ್ತಿದರೆ ಗ್ವಾಟೆಮಾಲಾ ಕಾಣುತ್ತದೆ. ಹತ್ತಲಾಗದಿದ್ದರೂ ಪರವಾಗಿಲ್ಲ, ಅಪ್ಪ-ಅಮ್ಮ ಕೆಳಗಿನ ಹುಲ್ಲುಹಾಸಿನ ಅಂಗಳದಲ್ಲಿ ಆರಾಮಾಗಿ ಓಡಾಡಬಹುದು. ಪಿರಮಿಡ್ಡಿನ ಗೋಡೆಯ ಗಾರೆ ಶಿಲ್ಪಪಟ್ಟಿಯನ್ನು ಮಾತ್ರ ತಪ್ಪದೆ ನೋಡಿ. ಕಾಣುವುದು ಪ್ರತಿಕೃತಿ, ಮೂಲವನ್ನು ಅದರ ಹಿಂದೆ ಜೋಪಾನ ಮಾಡಿದ್ದಾರೆ.

ಬ್ಲೂ ಹೋಲ್‌ನ ಆ ದುಂಡು ರೂಪ ಕಾಣುವುದು ವಿಮಾನದಿಂದ ಮಾತ್ರ, ದೋಣಿಯಲ್ಲಿ ಹೋದರೆ ದೂರದ ಕುಲುಕಾಟ. ಬದಲಿಗೆ ಕೇ ಕಾಕರ್ ದ್ವೀಪದಲ್ಲಿ ಎರಡು ರಾತ್ರಿ ಉಳಿಯಿರಿ. ಕಾರುಗಳ ಕಾಟವಿಲ್ಲ, ಗಾಲ್ಫ್ ಕಾರ್ಟ್ ಸಿಗುತ್ತದೆ.

ಜೂನ್‌ನಿಂದ ನವೆಂಬರ್‌ವರೆಗೆ ಮಳೆ. ಬೆಲೆ ಕೇಳುವಾಗ ಯಾವ ಡಾಲರ್ ಅಂತಲೂ ಕೇಳಿ: ಅಮೆರಿಕದ ಒಂದು ಡಾಲರಿಗೆ ಅಲ್ಲಿನ ಎರಡು.