15 ಹೇಗೆ 12 ಆಗುತ್ತದೆ?

ಪ್ರಶ್ನೆ: ಪುಣೆಯಲ್ಲಿ ಫ್ರೆಂಚ್ ಕಲಿಯುತ್ತಿದ್ದೇನೆ. ದ್ಯು ಬೆಲೆ ಕವಿಯ ‘ಯುಲಿಸ್’ ಸಾನೆಟ್ (14 ಸಾಲಿನ ಪದ್ಯ) ಕೊಟ್ಟು ಛಂದಸ್ಸು, ಪ್ರಾಸ ಬಿಡಿಸಿ ತನ್ನಿ ಅಂದಿದ್ದಾರೆ. ಸಾಲಿಗೆ 12 ಸಿಲಬಲ್ (ಉಚ್ಚಾರದ ತುಂಡು) ಇರಬೇಕಂತೆ, ನನಗೆ ಮೊದಲ ಸಾಲಲ್ಲೇ 15 ಬರುತ್ತಿದೆ. ಲಘು-ಗುರು ಹಾಕಿ ನೋಡಿದರೂ ಕೂಡುತ್ತಿಲ್ಲ. ಎಲ್ಲಿ ತಪ್ಪಿದೆ?
(ಓದುಗರು, ಕೋಥ್ರೂಡ್)

ಉತ್ತರ: ಮೊದಲು ಆ ಲಘು-ಗುರು ಅಳಿಸಿಬಿಡಿ. ಫ್ರೆಂಚಿನಲ್ಲಿ ಗಣ, ಮಾತ್ರೆ ಏನೂ ಇಲ್ಲ, ಉಚ್ಚಾರದ ತುಂಡುಗಳನ್ನು ಎಣಿಸಿದರೆ ಸಾಕು. ಮೊದಲ ಸಾಲಿನ ‘ಕೊಮ್’, ‘ಯುಲಿಸ್’, ‘ವ್ವಾಯಾಜ್’ ಈ ಮೂರು ಪದಗಳ ಕೊನೆಗೆ ಒಂದೊಂದು ಮೂಕ ‘ಇ’ (ಬರೆದರೂ ಮಾತಿನಲ್ಲಿ ಕೇಳಿಸದ e ಅಕ್ಷರ) ಇದೆ ನೋಡಿ. ಮುಂದೆ ಸ್ವರ ಬಂದರೆ ಅದು ಬಿದ್ದುಹೋಗುತ್ತದೆ, ನಮ್ಮ ಲೋಪಸಂಧಿ ಥರಾನೇ. ಸಾಲಿನ ತುದಿಯಲ್ಲಿದ್ದರೂ ಲೆಕ್ಕಕ್ಕಿಲ್ಲ. ಮೂರು ಹೋದವು, 12 ಉಳಿಯಿತು: ಎ-ರೊ-ಕಿ-ಕೊ-ಮ್ಯು-ಲಿಸ್, ಆ-ಫೆ-ತಂ-ಬೊ-ವ್ವಾ-ಯಾಜ್. ಆದರೆ ಮುಂದೆ ವ್ಯಂಜನ ಬಂದರೆ ಎಣಿಸಲೇಬೇಕು. ‘ಕೆಲ್ ಸೆಜೋಂ’ ಅನ್ನುವುದು ಪದ್ಯದಲ್ಲಿ ‘ಕೆ-ಲ-ಸೆ-ಜೋಂ’ ಆಗುತ್ತದೆ. ಹಾಗೇ ‘ಒದಾಸ್ಯೊ’ವನ್ನು ‘ಒ-ದಾ-ಸಿ-ಯೊ’ ಅಂತ ನಾಲ್ಕಾಗಿ ಬಿಡಿಸಿ, ಇಲ್ಲದಿದ್ದರೆ ಆ ಸಾಲು 11ಕ್ಕೇ ನಿಲ್ಲುತ್ತದೆ.

ಪ್ರಾಸ ಸುಲಭ. ಆದಿಪ್ರಾಸದ ಅಭ್ಯಾಸದಲ್ಲಿ ಎರಡನೇ ಅಕ್ಷರ ಹುಡುಕಬೇಡಿ, ತುದಿ ನೋಡಿ. ಮೊದಲ ಎಂಟು ಸಾಲು ಕಖಖಕ ಕಖಖಕ, ಕೊನೆಯ ಆರು ಗಗಘ ಚಚಘ (ಒಂದೇ ಅಕ್ಷರ ಹಾಕಿದ ಸಾಲುಗಳಿಗೆ ಒಂದೇ ಪ್ರಾಸ). ಮೂಕ ‘ಇ’ಯಲ್ಲಿ ಮುಗಿದರೆ ಸ್ತ್ರೀಪ್ರಾಸ, ಇಲ್ಲದಿದ್ದರೆ ಪುರುಷಪ್ರಾಸ.

ನೀವು ಜಾಸ್ತಿ ಬರೆಯಬೇಕಾದದ್ದು 6ರ ನಂತರದ ಯತಿಯ (ಸಾಲಿನ ನಡುವಿನ ನಿಲುಗಡೆಯ) ಬಗ್ಗೆ, ಯಾಕೆಂದರೆ ಪದ್ಯದ ಜೀವ ಇರುವುದೇ ಅಲ್ಲಿ. ಬಂಧುವೊಬ್ಬ ಕಾರ್ಡಿನಲ್ ಆಗಿದ್ದ, ಅವನ ಕೆಲಸಕ್ಕೆಂದು ರೋಮಿಗೆ ಹೋದ ಕವಿ ಊರು ನೆನೆದು ಬರೆದದ್ದು ಇದು, 1558ರಲ್ಲಿ ಅಚ್ಚಾಯಿತು. ಕವಿಯ ಮಾತಲ್ಲೇ ಹೇಳುವುದಾದರೆ, ನನ್ನ ಲ್ವಾರ್ ನದಿ ಯತಿಯ ಈಚೆ, ರೋಮಿನವರ ಟೈಬರ್ ನದಿ ಆಚೆ. ನನ್ನ ಪುಟ್ಟ ಊರು ಲಿರೆ ಈಚೆ, ಅವರ ಪ್ಯಾಲಟೈನ್ ಗುಡ್ಡ ಆಚೆ. ಆದರೆ ಆ ಕೊನೆಯ ಆರು ಸಾಲುಗಳಲ್ಲಿ ಮೂರನೆಯದೂ ಕೊನೆಯದೂ ಅದಲು ಬದಲು: ಮೊದಲು ರೋಮಿನ ಗಟ್ಟಿ ಅಮೃತಶಿಲೆ, ಆಮೇಲೆ ಊರಿನ ತೆಳ್ಳನೆ ಕಲ್ಲಿನ ಹಂಚು, ಮೊದಲು ಕಡಲ ಗಾಳಿ, ಆಮೇಲೆ ಆಂಜು ಸೀಮೆಯ ಸವಿ. ಮುಂಬೈಗೆ ಬಂದು ಇಷ್ಟು ವರ್ಷವಾದರೂ ಆ ಹಂಚಿನ ಸಾಲಿಗೆ ಬಂದಾಗ ನಮ್ಮೂರ ಮನೆಯ ಮಾಡು ಕಣ್ಮುಂದೆ ಬರುತ್ತದೆ, ನಿಮಗೂ ಹಾಗೇ ಅಲ್ವಾ? ಈಗ ‘ಘ’ ಪ್ರಾಸ ನೋಡಿ, ಅದು ಇರುವುದು ಈ ಎರಡೇ ಸಾಲಲ್ಲಿ: ಫೀನ್, ಆಂಜ್‌ವೀನ್. ಒಂದು ಊರಿನ ಹಂಚು, ಇನ್ನೊಂದು ಊರಿನ ಸವಿ.